ದೋಣಿಯಲ್ಲಿ ಕೂತು ಟ್ರೌಟ್ ಹಿಡಿಯಲು: ಗ್ರೀನ್ ನದಿಗೆ ಹೊರಟ ಗೆಳೆಯರಿಗೆ

ನಾನು ತೀರ್ಥಹಳ್ಳಿ ಕಡೆಯವನು. ಬಿದಿರು ಕೋಲು, ನೈಲಾನ್ ದಾರ, ತೆಂಗಿನ ಚಿಪ್ಪಿನಲ್ಲಿ ಎರೆಹುಳ ಇಟ್ಟುಕೊಂಡು ತುಂಗೆಯ ದಡದಲ್ಲಿ ಬೆಳೆದವನು. ಹಾಗಾಗಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಗೆಳೆಯರು "ಫ್ಲೈ ಫಿಶಿಂಗಿಗೆ ಹೋಗೋಣ, ಗೈಡ್ ಇಟ್ಟುಕೊಂಡು" ಅಂದಾಗ ನಗು ಬಂತು. ಫ್ಲೈ ಫಿಶಿಂಗ್ ಅಂದರೆ ಹುಳುವಿನ ಹಾಗೆ ಕಟ್ಟಿದ ಗಾಳದಿಂದ ಮೀನು ಹಿಡಿಯುವುದು. ಮೀನು ಹಿಡಿಯೋಕೂ ಗೈಡಾ? ದೋಣಿ ಹತ್ತಿದ ಅರ್ಧ ಗಂಟೆಯಲ್ಲಿ ಆ ನಗು ಇಳಿಯಿತು. ಅಷ್ಟು ಹೊತ್ತಿಗೆ ಎಂಟು ಮೀನು ನನ್ನ ಗಾಳ ಕಚ್ಚಿ, ರುಚಿ ನೋಡಿ, ಉಗಿದು ಹೋಗಿದ್ದವು. ನನಗೆ ಒಂದೂ ಗೊತ್ತಾಗಿರಲಿಲ್ಲ. ಗೈಡ್ ಎಣಿಸಿ ಇಟ್ಟಿದ್ದ.

ಆಮೇಲೆ ಎರಡು ಸಲ ಮತ್ತೆ ಹೋಗಿ ಬಂದಿದ್ದೇವೆ. ನಾವು ನಾಲ್ವರು: ನಾನು, ಮಂಡ್ಯದವನೊಬ್ಬ, ಹಾಸನದವನೊಬ್ಬ, ಧಾರವಾಡದವಳೊಬ್ಬಳು. ಧಾರವಾಡದವಳು ಶುದ್ಧ ಸಸ್ಯಾಹಾರಿ. ಹುಟ್ಟಿದ ಮೇಲೆ ಗಾಳ ಮುಟ್ಟಿದವಳಲ್ಲ. ಮೊದಲ ದಿನ ಎಲ್ಲರಿಗಿಂತ ಜಾಸ್ತಿ ಮೀನು ಹಿಡಿದವಳು ಅವಳೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ನೀವು ಹೊರಡುವ ಮುಂಚೆ ತಿಳಿಯಬೇಕಾದದ್ದು ಹೆಚ್ಚು ಕಡಿಮೆ ಅಷ್ಟೇ ಇದೆ.

ಜಾಗ, ನೀರು, ತಿಂಗಳು

ಗ್ರೀನ್ ನದಿ ಯೂಟಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನಿಂದ ಹೊರಬರುತ್ತದೆ. ಪಕ್ಕದ ಊರು ಡಚ್ ಜಾನ್. ಅಣೆಕಟ್ಟು ಕಟ್ಟುವ ಕೆಲಸಗಾರರಿಗೆಂದೇ ಹುಟ್ಟಿದ ಸಣ್ಣ ಊರು. ಸಾಲ್ಟ್ ಲೇಕಿನಿಂದ ಕಾರಿನಲ್ಲಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಹೋಗಿ ಮಲಗುವುದು ಒಳ್ಳೆಯದು. ಅಣೆಕಟ್ಟಿನ ಬುಡದಿಂದ ಲಿಟಲ್ ಹೋಲ್ ಎಂಬ ಜಾಗದವರೆಗೆ 7 ಮೈಲಿ ಹೊಳೆಗೆ ಎ ಸೆಕ್ಷನ್ ಅನ್ನುತ್ತಾರೆ. ಮೊದಲ ಸಲ ಹೋಗುವವರು ಇದನ್ನೇ ಹಿಡಿಯಿರಿ. ಎರಡೂ ಕಡೆ ಕೆಂಪು ಬಂಡೆಯ ಕಣಿವೆ. ಫ್ಲೇಮಿಂಗ್ ಗಾರ್ಜ್ ಅಂದರೆ ಉರಿಯುವ ಕಮರಿ. 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪವೆಲ್ ದೋಣಿಯಲ್ಲಿ ಬಂದಾಗ ಇನ್ನೂ ಮೇಲ್ಗಡೆಯ ಕೆಂಪು ಕಮರಿ ಬಿಸಿಲಿಗೆ ಉರಿಯುವ ಹಾಗೆ ಕಂಡಿತಂತೆ, ಅದಕ್ಕೇ ಆ ಹೆಸರು. ನೀರು ಎಷ್ಟು ತಿಳಿ ಅಂದರೆ, ಶೃಂಗೇರಿಯಲ್ಲಿ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕಿದಾಗ ಮೀನು ಕಾಣುತ್ತವಲ್ಲ, ಹಾಗೆ. ಎಂಟು ಅಡಿ ಕೆಳಗಿನ ಕಲ್ಲು ಎಣಿಸಬಹುದು. ಮೀನೂ ನಿಮ್ಮನ್ನು ಅಷ್ಟೇ ಚೆನ್ನಾಗಿ ನೋಡುತ್ತಿರುತ್ತದೆ, ಅದು ಬೇರೆ ಮಾತು.

ಇಲ್ಲಿ ಹಿಡಿಯುವ ಮೀನು ಟ್ರೌಟ್. ಅದಕ್ಕೆ ತಣ್ಣನೆ ನೀರು ಬೇಕು. ಆದರೆ ತೀರಾ ತಣ್ಣಗಿದ್ದರೆ ಬೆಳೆಯುವುದಿಲ್ಲ. ಇಲ್ಲಿ ಮೊದಮೊದಲು ಜಲಾಶಯದ ತಳದ ನೀರೇ ಹೊರಗೆ ಬರುತ್ತಿತ್ತು, ಐಸಿನ ಹಾಗೆ. 1978ರಲ್ಲಿ ಬೇರೆ ಬೇರೆ ಮಟ್ಟದಿಂದ ನೀರು ಎಳೆಯುವ ವ್ಯವಸ್ಥೆ ಮಾಡಿದರು. ಆಮೇಲೆ ಮೀನು ದಪ್ಪಗಾದವು.

ಅಣೆಕಟ್ಟಿನ ಕೆಳಗಿನ ಹೊಳೆ ಅಂದಮೇಲೆ ಎಷ್ಟು ನೀರು ಬಿಡುತ್ತಾರೆ ಅನ್ನುವುದೇ ಎಲ್ಲ. ಬುಕ್ ಮಾಡುವ ಮುಂಚೆ, ಹೊರಡುವ ಹಿಂದಿನ ದಿನ, ಎರಡು ಸಲ ನೋಡಿ. ಇಲ್ಲಿನವರು ಸಿಎಫ್ಎಸ್ ಅನ್ನುತ್ತಾರೆ. ನಮ್ಮ ಕ್ಯೂಸೆಕ್ಕೇ ಅದು. ಸಾಮಾನ್ಯವಾಗಿ ಕಡಿಮೆ ಅಂದರೆ 800 ಕ್ಯೂಸೆಕ್. ಕರೆಂಟು ತೆಗೆಯುವ ಯಂತ್ರಗಳೆಲ್ಲ ಪೂರ್ತಿ ಓಡಿದರೆ ಸುಮಾರು 4,600. ವಸಂತದ ಕೊನೆಯಲ್ಲಿ ಕೆಲವು ದಿನ ಇದಕ್ಕಿಂತ ಜಾಸ್ತಿಯೂ ಬಿಡುವುದುಂಟು. ನಾನು ಇದನ್ನು ವಿವರಿಸಲು ಹೊರಟಾಗ ಮಂಡ್ಯದವನು ತಡೆದ. "ಕ್ಯೂಸೆಕ್ಕು ನಂಗ್ ಹೇಳ್ಕೊಡ್ತೀಯಾ? ನಾವು ಕೆಆರ್‌ಎಸ್ ಲೆಕ್ಕ ನೋಡ್ಕಂಡೇ ಕಾಫಿ ಕುಡಿಯೋರು." ನಿಜ. ಅವತ್ತಿನಿಂದ ನೀರಿನ ಲೆಕ್ಕ ಅವನ ಜವಾಬ್ದಾರಿ. ನಿಮ್ಮ ಗುಂಪಿನಲ್ಲೂ ಕಾವೇರಿ ಕಡೆಯವರಿದ್ದರೆ ಈ ಕೆಲಸ ಅವರಿಗೇ ಕೊಡಿ.

ತಿಂಗಳು ನಿಮಗೆ ಯಾವ ಹುಳು ಇಷ್ಟ ಅನ್ನುವುದರ ಮೇಲೆ. ಆಗ ಮೀನು ತಿನ್ನುವ ಹುಳುವಿನ ಹಾಗೇ ಗಾಳ ಕಟ್ಟುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕವಿದ ದಿನ ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಹುಳುಗಳು ನೀರಿನಿಂದ ಏಳುತ್ತವೆ. ಮೇ ಕೊನೆ, ಜೂನಿನಲ್ಲಿ ಜೀರುಂಡೆ. ಮಲೆನಾಡಿನಲ್ಲಿ ಮಳೆಗೆ ಮುಂಚೆ ಕಿವಿ ಕಿವುಡಾಗುವ ಹಾಗೆ ಕೂಗುತ್ತವಲ್ಲ, ಆ ಜಾತಿಯೇ. ಜುಲೈ, ಆಗಸ್ಟಿನಲ್ಲಿ ಮಿಡತೆ. ಹೊಸಬರಿಗೆ ಜೀರುಂಡೆ ಕಾಲವೇ ಚಂದ. ಗಾಳ ದೊಡ್ಡದು, ಕಣ್ಣಿಗೆ ಕಾಣುತ್ತದೆ, ಮೀನು ಬಾಯಿ ತೆರೆದು ಮೇಲೆ ಬರುವುದೂ ಕಾಣುತ್ತದೆ. ಬೇಸಿಗೆಯ ಶನಿವಾರ, ಭಾನುವಾರ ಮಾತ್ರ ಬೇಡ. ಬಾಡಿಗೆ ರಬ್ಬರ್ ದೋಣಿಗಳಲ್ಲಿ ಹಾಡುತ್ತಾ ಕುಣಿಯುತ್ತಾ ಜನ ಬರುತ್ತಾರೆ. ಜಾತ್ರೆಯಲ್ಲಿ ಮೀನು ಹಿಡಿದ ಹಾಗಾಗುತ್ತದೆ.

ಬುಕ್ ಮಾಡುವಾಗ

ಒಂದು ಡ್ರಿಫ್ಟ್ ಬೋಟಿನಲ್ಲಿ, ಅಂದರೆ ಹೊಳೆಯ ಜೊತೆ ತೇಲುವ ಹುಟ್ಟಿನ ದೋಣಿಯಲ್ಲಿ, ಗೈಡ್ ಬಿಟ್ಟು ಇಬ್ಬರೇ. ನಾಲ್ಕು ಜನ ಅಂದರೆ ಎರಡು ದೋಣಿ, ಇಬ್ಬರು ಗೈಡ್. ಕಳೆದ ಸಲ ಪೂರ್ತಿ ದಿನಕ್ಕೆ ಒಂದು ದೋಣಿಗೆ ಸುಮಾರು 650 ಡಾಲರ್ ಕೊಟ್ಟೆವು. ಟಿಪ್ ಬೇರೆ. ಅದು 20 ಪರ್ಸೆಂಟ್ ಅಂತ ಮೊದಲೇ ಲೆಕ್ಕ ಹಾಕಿ, ನಗದು ತೆಗೆದಿಟ್ಟುಕೊಳ್ಳಿ. ಮೊದಲ ಸಲ ನಮ್ಮ ಹತ್ತಿರ ನಗದೇ ಇರಲಿಲ್ಲ. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ದಿನವಿಡೀ ಹುಟ್ಟು ಹಾಕಿದ ಮನುಷ್ಯನ ಮುಂದೆ ನಾಲ್ಕು ಜನ ಇಂಜಿನಿಯರುಗಳು ಜೇಬು ತಡಕುತ್ತಾ ನಿಂತದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೀನು ಹಿಡಿಯುವ ಲೈಸೆನ್ಸ್ ಗೈಡಿನ ದುಡ್ಡಿನಲ್ಲಿ ಸೇರಿರುವುದಿಲ್ಲ. ಯೂಟಾದಲ್ಲಿ 12 ವರ್ಷ ತುಂಬಿದ ಎಲ್ಲರಿಗೂ ಬೇಕು. ಮನೆಯಲ್ಲೇ ಆನ್‌ಲೈನಿನಲ್ಲಿ ತೆಗೆದುಕೊಂಡು ಬನ್ನಿ. ಈ ಭಾಗದಲ್ಲಿ ಎರೆಹುಳ, ಹಿಟ್ಟಿನ ಉಂಡೆ ಯಾವುದೂ ನಡೆಯುವುದಿಲ್ಲ. ಕೃತಕ ಗಾಳ ಮಾತ್ರ.

ಗೈಡಿಗೆ ಫೋನಿನಲ್ಲಿ ನಿಜ ಹೇಳಿ. "ಸ್ವಲ್ಪ ಸ್ವಲ್ಪ ಬರುತ್ತದೆ" ಅನ್ನಬೇಡಿ, ಬರದಿದ್ದರೆ ಬರುವುದಿಲ್ಲ ಅನ್ನಿ. ಈಜು ಬಾರದಿದ್ದರೆ ಅದನ್ನೂ ಹೇಳಿ. ಊಟ ಅವರೇ ತರುತ್ತಾರೆ, ಸಸ್ಯಾಹಾರಿ ಅಂತ ಮೊದಲೇ ಹೇಳದಿದ್ದರೆ ಎರಡು ಬ್ರೆಡ್ಡಿನ ನಡುವೆ ಚೀಸ್ ಮಾತ್ರ ಸಿಗುತ್ತದೆ. ನಾವು ಈಗ ಚಪಾತಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ಸುರುಳಿ ಮಾಡಿಕೊಂಡು ಹೋಗುತ್ತೇವೆ. ಕೈಗೆ ಎಣ್ಣೆ ಅಂಟದ ಹಾಗೆ ಕಾಗದ ಸುತ್ತಿ.

ಒಂದು ಮುಖ್ಯ ವಿಷಯ. ಬಾಳೆಹಣ್ಣು ತರಬೇಡಿ. ತಮಾಷೆಯಲ್ಲ. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗುವುದಿಲ್ಲ ಅನ್ನುವುದು ಇಲ್ಲಿನ ಗೈಡುಗಳ ಹಳೆಯ ನಂಬಿಕೆ. ಹಾಸನದವನು ಒಂದು ಡಜನ್ ತಂದಿದ್ದ. ಗೈಡ್ ಅದನ್ನು ನೋಡಿ ಹಾವು ಕಂಡವನ ಹಾಗೆ ಹಿಂದೆ ಸರಿದ. "ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಯಾವ ಶುಭಕಾರ್ಯವೂ ಶುರುವಾಗೋದಿಲ್ಲ" ಅಂತ ಇವನು ವಾದಕ್ಕೆ ನಿಂತ. ಕೊನೆಗೆ ಆ ಚಿಪ್ಪು ಕಾರಿನಲ್ಲೇ ಉಳಿಯಿತು. ಸಂಜೆ ಬರುವ ಹೊತ್ತಿಗೆ ಬಿಸಿಲಿಗೆ ಕರಿದಾಗಿತ್ತು.

ಬಟ್ಟೆಯ ಬಗ್ಗೆ ಉದ್ದ ಹೇಳುವುದಿಲ್ಲ. ಬೆಳಿಗ್ಗೆ ಜೂನಿನಲ್ಲೂ ಚಳಿ, ಮಧ್ಯಾಹ್ನ ಉರಿ ಬಿಸಿಲು. ಪದರ ಪದರ ಹಾಕಿ. ಟೋಪಿ ಮತ್ತು ಪೋಲರಾಯ್ಡ್ ಕಪ್ಪು ಕನ್ನಡಕ ಬೇಕೇ ಬೇಕು. ನೀರಿನ ಹೊಳಪು ಹೋಗಿ ಮೀನು ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೆಳೆಯ ಬೀಸಿದ ಗಾಳ ಕಣ್ಣಿಗೆ ಬರುವುದಿಲ್ಲ. ರಾಡ್, ರೀಲ್ ಎಲ್ಲ ಗೈಡ್ ಕೊಡುತ್ತಾರೆ. ಸಾಮಾನ್ಯವಾಗಿ 9 ಅಡಿಯ 5 ವೆಯ್ಟ್ ರಾಡ್ (ವೆಯ್ಟ್ ಅಂದರೆ ಅದಕ್ಕೆ ಹೊಂದುವ ಲೈನಿನ ತೂಕದ ಅಳತೆ). ಮೊದಲ ಸಲಕ್ಕೆ ಏನೂ ಕೊಳ್ಳಬೇಡಿ. ಮಂಡ್ಯದವನು 400 ಡಾಲರಿನ ರಾಡ್ ಕೊಂಡು ಬಂದು, ಕಾರಿನ ಬಾಗಿಲಿಗೆ ಸಿಕ್ಕಿಸಿ ತುದಿ ಮುರಿದುಕೊಂಡ. ನೀರು ಮುಟ್ಟುವ ಮುಂಚೆಯೇ.

ಬೀಸುವುದು

ನಮ್ಮ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ, ಸೀಸದ ಗುಂಡು. ಅದು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅಂದರೆ ಗರಿ, ದಾರ, ಸ್ಪಂಜು ಸುತ್ತಿ ಹುಳುವಿನ ಹಾಗೆ ಕಟ್ಟಿದ ಗಾಳ, ಅದಕ್ಕೆ ತೂಕವೇ ಇಲ್ಲ. ಇಲ್ಲಿ ತೂಕ ಇರುವುದು ದಪ್ಪ ಲೈನಿನಲ್ಲಿ. ನೀವು ಬೀಸುವುದು ಲೈನನ್ನು, ಹುಳು ಸುಮ್ನೆ ಜೊತೆಗೆ ಹೋಗುತ್ತದೆ. ಹಾಗಾಗಿ ಹಿಂದಕ್ಕೆ ಬೀಸಿದಾಗ ಲೈನ್ ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ತಡೆಯಬೇಕು. ಆಮೇಲೆ ಮುಂದಕ್ಕೆ. ತಡೆಯದಿದ್ದರೆ ಬಾರುಕೋಲಿನ ಹಾಗೆ ಚಟ್ ಅನ್ನುತ್ತದೆ, ಫ್ಲೈ ಹರಿದು ಹೋಗುತ್ತದೆ.

ಹೋಗುವ ವಾರ ಪಾರ್ಕಿನ ಹುಲ್ಲಿನ ಮೇಲೆ ದಿನಾ ಹದಿನೈದು ನಿಮಿಷ ಅಭ್ಯಾಸ ಮಾಡಿ. ಗಾಳದ ಬದಲು ಉಲ್ಲನ್ನಿನ ಚೂರು ಕಟ್ಟಿ. ರಾಡ್ ಗಡಿಯಾರದ ಹತ್ತಕ್ಕೂ ಒಂದಕ್ಕೂ ನಡುವೆ ಓಡಾಡಿದರೆ ಸಾಕು. 30 ಅಡಿ ದೂರ ಬಂದರೆ ನಿಲ್ಲಿಸಿ. ಡ್ರಿಫ್ಟ್ ಬೋಟಿನಲ್ಲಿ ಅದಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ, ಯಾಕೆಂದರೆ ಮೀನಿನ ಹತ್ತಿರಕ್ಕೆ ನಿಮ್ಮನ್ನು ಒಯ್ಯುವುದು ಗೈಡಿನ ಕೆಲಸ. ಗಾಳಿಯಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಆಡಿಸುವವರನ್ನು ನೋಡಿರುತ್ತೀರಿ. ನೋಡಲು ಚಂದ. ಮೀನು ಇರುವುದು ನೀರಿನಲ್ಲಿ, ಅಲ್ವಾ?

ದೋಣಿಯಲ್ಲಿ

ಡ್ರಿಫ್ಟ್ ಬೋಟಿನ ತಳ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ಗೈಡ್ ನಡುವೆ ಕೂತು ಹೊಳೆ ಹರಿಯುವ ಕಡೆಗೇ ಮುಖ ಮಾಡಿ ಹುಟ್ಟು ಹಾಕುತ್ತಾನೆ. ಆದರೆ ಮುಂದಕ್ಕಲ್ಲ, ಹಿಂದಕ್ಕೆ. ನೀರು ಒಯ್ಯುತ್ತಿರುತ್ತದೆ, ಅವನು ತಡೆಯುತ್ತಿರುತ್ತಾನೆ. ಇಡೀ ಆಟ ಇದೇ. ದಡದಲ್ಲಿ ನಿಂತವನ ಫ್ಲೈ ಎರಡು ಮೂರು ಸೆಕೆಂಡಿಗೆ ಲೈನಿನ ಎಳೆತಕ್ಕೆ ಸಿಕ್ಕುತ್ತದೆ. ದೋಣಿಯೂ ಫ್ಲೈಯೂ ಒಂದೇ ವೇಗದಲ್ಲಿ ತೇಲಿದರೆ ಆ ಎಳೆತ ಬರುವುದೇ ಇಲ್ಲ.

ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂದಿನ ಸೀಟು ಸುಲಭ, ಹೊಸ ನೀರು ಮೊದಲು ಅವರಿಗೇ ಸಿಗುತ್ತದೆ. ಹಾಗಾಗಿ ಊಟದ ನಂತರ ಜಾಗ ಬದಲಾಯಿಸಿ. ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಂಡರೆ ಸ್ನೇಹ ಉಳಿಯುತ್ತದೆ. ಹಿಂದಿನವರು ಮುಂದಿನವರ ಬೀಸು ನೋಡಿ ಆಮೇಲೆ ಬೀಸಬೇಕು. ಇಬ್ಬರೂ ದೋಣಿಯ ಮೂತಿಗೆ ಓರೆಯಾಗಿ, ಹೊಳೆ ಹೋಗುವ ಕಡೆಗೆ ಬೀಸಿ. ದೋಣಿಯ ಮೂತಿ ಹನ್ನೆರಡು ಗಂಟೆ. ಗೈಡ್ "ಎರಡು ಗಂಟೆ, ಕರಿ ಬಂಡೆ" ಅಂದರೆ ತಿರುಗಿ "ಎಲ್ಲಿ?" ಅನ್ನಬೇಡಿ. ಅಷ್ಟರಲ್ಲಿ ಬಂಡೆ ಹಿಂದೆ ಹೋಗಿರುತ್ತದೆ.

ಈಗ ಅಸಲು ವಿಷಯ. ಹೊಳೆಯ ನೀರು ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಿಮಗೂ ಫ್ಲೈಗೂ ನಡುವೆ ಜೋರು ಹರಿವು ಇದ್ದರೆ ಅದು ಲೈನಿನ ಹೊಟ್ಟೆಯನ್ನು ಕೆಳಗೆ ಒಯ್ಯುತ್ತದೆ. ಆಮೇಲೆ ಲೈನ್ ಫ್ಲೈಯನ್ನು ಎಳೆಯುತ್ತದೆ. ನೀರಿಗೆ ಬಿದ್ದ ನಿಜವಾದ ಜೀರುಂಡೆ ಯಾವತ್ತಾದರೂ ಗೆರೆ ಎಳೆದುಕೊಂಡು ಓಡುತ್ತದೆಯೇ? ಟ್ರೌಟ್ ಮೇಲೆ ಬಂದು, ನೋಡಿ, ವಾಪಸ್ ಹೋಗುತ್ತದೆ. ಇದಕ್ಕೆ ಮದ್ದು ಮೆಂಡ್ ಮಾಡುವುದು. ಲೈನ್ ನೀರಿಗೆ ಬಿದ್ದ ತಕ್ಷಣ, ಫ್ಲೈ ಅಲುಗದ ಹಾಗೆ, ರಾಡಿನ ತುದಿಯಿಂದ ಲೈನಿನ ಹೊಟ್ಟೆಯನ್ನು ಎತ್ತಿ ಪ್ರವಾಹದ ಮೇಲ್ಗಡೆಗೆ ಮಗುಚಬೇಕು, ದೋಸೆ ಮಗುಚಿದ ಹಾಗೆ. ದೊಡ್ಡದಾಗಿ ಒಂದು ಸಲ, ಬೇಕಾದರೆ ಸಣ್ಣದು ಇನ್ನೊಂದು. ಆಮೇಲೆ ಕೈ ಕಟ್ಟಿ ಕೂರಬೇಕು.

ಆ ಕೈ ಕಟ್ಟಿ ಕೂರುವುದೇ ನನಗೆ ಬರಲಿಲ್ಲ. ತುಂಗೆಯಲ್ಲಿ ಗಾಳ ಸ್ವಲ್ಪ ಕುಲುಕಿ ಹುಳು ಜೀವಂತ ಇದೆ ಅನ್ನಿಸುವುದು ನನ್ನ ರೂಢಿ. ಗೈಡ್ ಹತ್ತು ಸಲ "ಬಿಡು, ಬಿಡು" ಅಂದ. ಹಿಂದಿನ ಸೀಟಿನಲ್ಲಿ ಧಾರವಾಡದವಳು ಆಗಲೇ ಎರಡನೇ ಮೀನು ಎಳೆಯುತ್ತಿದ್ದಳು. "ನೀ ಹೆಂಗ ಮಾಡಾಕತ್ತಿ?" ಅಂತ ಅವಳ ಮಾತಲ್ಲೇ ಕೇಳಿದೆ. "ನಾ ಏನೂ ಮಾಡಾಕತ್ತಿಲ್ಲ. ಅವರು ಬಿಡು ಅಂದ್ರು, ಬಿಟ್ಟೀನಿ" ಅಂದಳು. ಆಗ ನಮ್ಮೂರ ಹೊಳೆಯಲ್ಲಿ ದೊನ್ನೆಯಲ್ಲಿ ದೀಪ ಇಟ್ಟು ತೇಲಿಬಿಡುವುದು ನೆನಪಾಯಿತು. ದೊನ್ನೆ ಬಿಟ್ಟ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಅದೇ ರೀತಿ ಬಿಡಬೇಕು.

ಎತ್ತುವುದು ಯಾವಾಗ

ಎರಡು ತರಹದ ಗಾಳ, ಎರಡು ತರಹದ ನಿಯಮ. ಮೇಲೆ ಹುಳು ಕಾಣದ ಹೊತ್ತಿನಲ್ಲಿ ಗೈಡ್ ಬೆಂಡು ಕಟ್ಟಿ, ಅದರ ಕೆಳಗೆ ಜೀಬ್ರಾ ಮಿಡ್ಜ್ ಅಥವಾ ಸ್ಕಡ್ ಗಾಳ ಇಳಿಬಿಡುತ್ತಾನೆ. ಮಿಡ್ಜ್ ಅಂದರೆ ನುಸಿಯಂಥ ಪುಟ್ಟ ಹುಳು. ಸ್ಕಡ್ ಅಂದರೆ ಸೀಗಡಿಯ ಪುಟ್ಟ ತಮ್ಮನ ಹಾಗಿರುವ ನೀರುಹುಳು. ಬೆಂಡು ನಮ್ಮಲ್ಲೂ ಇದೆ. ನಮ್ಮಲ್ಲಿ ಅದು ಗುಳುಂ ಅಂತ ಮುಳುಗಿದ ಮೇಲೆ ಎಳೆಯುತ್ತೇವೆ. ಎರೆಹುಳಕ್ಕೆ ರುಚಿ ಇದೆ, ಮೀನು ಬಿಡುವುದಿಲ್ಲ. ತಂತಿ ಸುತ್ತಿದ ಗಾಳಕ್ಕೆ ಏನು ರುಚಿ? ಕಚ್ಚಿ ಅರೆಗಳಿಗೆಯಲ್ಲಿ ಉಗಿಯುತ್ತದೆ. ಹಾಗಾಗಿ ಬೆಂಡು ಒಂದಿಷ್ಟು ತಡೆದರೂ, ಸ್ವಲ್ಪ ವಾಲಿದರೂ ಸಾಕು, ರಾಡ್ ಮೇಲೆ. ನನ್ನ ಎಂಟು ಮೀನು ಹೋದದ್ದು ಹೀಗೆ. ಬೆಂಡು ಮುಳುಗಲಿ ಅಂತ ಕಾಯುತ್ತಾ ಕೂತಿದ್ದೆ.

ಜೀರುಂಡೆ, ಮಿಡತೆಯಂಥ ದೊಡ್ಡ ತೇಲು ಗಾಳಕ್ಕೆ ಇದರ ಉಲ್ಟಾ. ಮೀನು ನಿಧಾನವಾಗಿ ಮೇಲೆ ಬರುತ್ತದೆ. ಬಾಯಿ ತೆರೆದದ್ದು ಕಂಡ ಕೂಡಲೇ ಎದೆ ಧಸಕ್ ಅನ್ನುತ್ತದೆ, ಕೈ ತಾನಾಗೇ ಎತ್ತುತ್ತದೆ, ಗಾಳ ಅದರ ಬಾಯಿಂದಲೇ ಹೊರಗೆ ಬರುತ್ತದೆ. ಅದು ಬಾಯಿ ಮುಚ್ಚಿ ಕೆಳಗೆ ತಿರುಗುವವರೆಗೆ ಬಿಡಬೇಕು. ನಾವು ಒಂದು ಉಪಾಯ ಮಾಡಿದ್ದೇವೆ. ಮೀನು ಬಾಯಿ ಹಾಕಿದಾಗ ಮನಸ್ಸಿನಲ್ಲಿ ಊರಿನವರ ಹಾಗೆ ನಿಧಾನವಾಗಿ "ಎಲ್ಲಿಗ್ ಹೊಂಟ್ರಿ?" ಅಂತ ಕೇಳಿ, ಆಮೇಲೆ ಎತ್ತಿ. ಸರಿಯಾಗಿ ಕೂರುತ್ತದೆ. ಮಂಡ್ಯದವನು ಜೋರಾಗಿಯೇ ಕೇಳುತ್ತಾನೆ. ಎರಡನೇ ವರ್ಷದ ಹೊತ್ತಿಗೆ ಗೈಡೂ ಕಲಿತು ಬಿಟ್ಟ, ಮೀನು ಎದ್ದರೆ ಅವನೇ ಹಿಂದಿನಿಂದ "ಎಲ್ಲಿಗ್ ಒಂಟ್ರೀ" ಅಂತ ಕೂಗುತ್ತಿದ್ದ.

ಮೀನು ಸಿಕ್ಕ ಮೇಲೆ ಅವಸರ ಬೇಡ. ತುದಿಯ ದಾರ 5 ಎಕ್ಸ್ (ದಾರದ ದಪ್ಪದ ಅಳತೆ) ಆಗಿದ್ದರೆ ಸುಮಾರು ಎರಡು ಕಿಲೋ ಎಳೆತಕ್ಕೇ ತುಂಡಾಗುತ್ತದೆ. ಅದು ಓಡಿದರೆ ಓಡಲಿ, ಲೈನ್ ಬಿಗಿ ಹಿಡಿಯಬೇಡಿ. ರಾಡ್ ಬಾಗಿಯೇ ಇರಲಿ. ಅದು ನಿಂತಾಗ ನೀವು ಸುತ್ತಿ. ಮತ್ತೆ ಕಾಲ ಕೆಳಗೆ ನೋಡಿಕೊಳ್ಳಿ. ನನ್ನ ಅತಿ ದೊಡ್ಡ ಮೀನು ಹೋದದ್ದು ಲೈನಿನ ಮೇಲೆ ನಾನೇ ನಿಂತಿದ್ದರಿಂದ.

ವಾಪಸ್ ಬಿಡುವುದು

"ತಿನ್ನೂದಿಲ್ಲ ಅಂದ್ರ ಯಾಕ ಹಿಡೀಬೇಕ್ರಿ?" ಅಂತ ಧಾರವಾಡದವಳು ಮೊದಲ ದಿನವೇ ಕೇಳಿದ್ದಳು. ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಮೀನಿಗೆ ನೋವಾಗುವುದಿಲ್ಲ ಅಂತ ನಾನು ಹೇಳಲಾರೆ. ಹಿಡಿದ ಮೇಲೆ ಬದುಕುವ ಹಾಗೆ ಬಿಡಬಹುದು, ಅಷ್ಟು ಮಾತ್ರ ನಮ್ಮ ಕೈಯಲ್ಲಿದೆ. ಗಾಳದ ತುದಿಯ ಹಿಮ್ಮುಖದ ಸಣ್ಣ ಮುಳ್ಳನ್ನು ಇಕ್ಕಳದಿಂದ ಅಮುಕಿ ಹಾಕಿ. ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿ. ಒಣ ಕೈ ಅದರ ಮೈಮೇಲಿನ ಲೋಳೆ ಕೀಳುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷೆ. ರಬ್ಬರ್ ಬಲೆಯೊಳಗೆ ನೀರಿನಲ್ಲೇ ಇಟ್ಟು ಗಾಳ ಬಿಡಿಸಿ. ಫೋಟೋ ಬೇಕಾದರೆ ಕ್ಯಾಮೆರಾ ರೆಡಿ ಆದಮೇಲೆ ಎತ್ತಿ, ನೀವು ಉಸಿರು ಬಿಗಿ ಹಿಡಿದಷ್ಟು ಹೊತ್ತು ಮಾತ್ರ. ಆಮೇಲೆ ತಲೆ ಪ್ರವಾಹಕ್ಕೆ ಎದುರಾಗಿ ಹಿಡಿದರೆ ಅದೇ ಬಾಲ ಒದ್ದು ಹೋಗುತ್ತದೆ.

ಊಟದ ಹೊತ್ತಿನಲ್ಲಿ ಗೈಡ್ ಇನ್ನೊಂದು ಕತೆ ಹೇಳಿದ. ಇಲ್ಲಿ ಹೆಚ್ಚಾಗಿ ಸಿಗುವ ಟ್ರೌಟ್‌ಗಳು ಈ ನದಿಯವಲ್ಲ. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಪೆಸಿಫಿಕ್ ಕರಾವಳಿಯ ಕಡೆಯದು. 1962ರಲ್ಲಿ, ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮುಂಚೆ, ರೊಟೆನೋನ್ ಎಂಬ ವಿಷ ಹಾಕಿ ನೂರಾರು ಮೈಲಿ ಹೊಳೆಯ ಮೀನು ಕೊಂದರು, ಟ್ರೌಟಿಗೆ ಜಾಗ ಮಾಡಲು. ಈಗ ವಸಂತದಲ್ಲಿ ಜಾಸ್ತಿ ನೀರು ಬಿಡುತ್ತಾರೆ ಅಂದೆನಲ್ಲ, ಅದು ಕೆಳಗಡೆ ಅಳಿದುಳಿದ ಮೂಲ ಮೀನುಗಳ ಸಲುವಾಗಿ. ಊಟಿ ಬೆಟ್ಟದ ಹೊಳೆಗಳಿಗೂ ಟ್ರೌಟ್ ಬಂದದ್ದು ಬ್ರಿಟಿಷರ ಕೈಯಿಂದ. ಹಾಗಾಗಿ ಇದನ್ನು ಕೇಳಿ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೂ ಚಪಾತಿ ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು.

ರಭಸ, ಸಂಜೆ

ನಡುವೆ ನೀರು ಬಂಡೆಗಳ ಮೇಲೆ ಜೋರಾಗಿ ನುಗ್ಗುವ ಸಣ್ಣ ಸಣ್ಣ ರಭಸಗಳಿವೆ. ಒಂದರ ಹೆಸರು ಮದರ್ ಇನ್ ಲಾ. ಅತ್ತೆ ರಭಸ! ಅಲ್ಲಿ ಬರುವ ಮುಂಚೆ ಲೈನ್ ಸುತ್ತಿ, ಗಾಳವನ್ನು ರಾಡಿಗೆ ಸಿಕ್ಕಿಸಿ, ಕೂತುಕೊಳ್ಳಿ. ಲೈಫ್ ಜಾಕೆಟಿನ ಪಟ್ಟಿ ಬಿಗಿ ಇರಲಿ. ಮಾತಾಡಬೇಡಿ, ಗೈಡ್ ಹೇಳಿದ್ದು ಕೇಳಿ. ಹಾಸನದವನು "ಎಲ್ಲ ಅತ್ತೆಯರ ಹತ್ರವೂ ಇದೇ ನಿಯಮ" ಅಂದ. ಅವನ ಹೆಂಡತಿ ಇದನ್ನು ಓದುವುದಿಲ್ಲ ಅಂತ ನಂಬಿದ್ದೇನೆ.

ಲಿಟಲ್ ಹೋಲ್ ತಲುಪುವಾಗ ಸಂಜೆ ನಾಲ್ಕೂವರೆ, ಐದು. ನಿಮ್ಮ ಕಾರನ್ನು ಅಲ್ಲಿಗೆ ತರಿಸುವ ವ್ಯವಸ್ಥೆ ಬೆಳಿಗ್ಗೆಯೇ ಆಗಿರಬೇಕು, ಬುಕ್ ಮಾಡುವಾಗ ಕೇಳಿಕೊಳ್ಳಿ. ಟಿಪ್ ಕೈಗೆ ಕೊಡಿ. ಯಾವ ಫ್ಲೈ ಕೆಲಸ ಮಾಡಿತು ಅಂತ ಕೇಳಿ ಬರೆದುಕೊಳ್ಳಿ, ಮುಂದಿನ ಸಲ ಗೈಡ್ ಇಲ್ಲದೆ ದಡದಲ್ಲಿ ನಡೆಯುವಾಗ ಬೇಕಾಗುತ್ತದೆ. ಅಣೆಕಟ್ಟಿನಿಂದ ಲಿಟಲ್ ಹೋಲ್‌ವರೆಗೆ ದಡದ ಉದ್ದಕ್ಕೂ ಕಾಲುದಾರಿ ಇದೆ.

ನೀರಿಗೆ ಇಳಿದಿದ್ದರೆ ಬೂಟಿನ ಕೆಸರು ತೊಳೆದು, ಬೇರೆ ಹೊಳೆಗೆ ಹೋಗುವ ಮುಂಚೆ ಪೂರ್ತಿ ಒಣಗಿಸಿ. ಒಂದು ಹೊಳೆಯ ಬಸವನಹುಳು ಇನ್ನೊಂದು ಹೊಳೆಗೆ ಹೋಗುವುದು ಇದೇ ಬೂಟಿನಲ್ಲಿ. ನನ್ನವು ಎರಡು ದಿನ ಬಾಲ್ಕನಿಯಲ್ಲಿ ಒಣಗಿದವು. ಮೂರನೇ ದಿನ ಬೆಳಿಗ್ಗೆ ಮಂಡ್ಯದವನ ಮೆಸೇಜ್ ಬಂತು. ನಮಸ್ಕಾರ ಇಲ್ಲ, ಏನಿಲ್ಲ. "1,750 ಬಿಟ್ಟವ್ರೆ."